ಶಿಶುವಿನ ಕಿವಿ ಪರೀಕ್ಷೆ ಓಎಇಯಲ್ಲಿ ಒಂದು ಕಿವಿ ‘ರೆಫರ್’: ಕಾಯಬಹುದಾ?

ಪ್ರಶ್ನೆ: ಮಗನಿಗೆ ಮೂರೂವರೆ ತಿಂಗಳು. ಹುಟ್ಟಿದಾಗ ಕಾಮಾಲೆ ವಿಪರೀತವಾಗಿ ಎಂಟು ದಿನ ನವಜಾತ ಶಿಶುಗಳ ತೀವ್ರನಿಗಾ ಘಟಕ ಎನ್‌ಐಸಿಯುನಲ್ಲಿದ್ದ. ಡಿಸ್ಚಾರ್ಜ್ ದಿನದ ಓಎಇ ಪರೀಕ್ಷೆಯಲ್ಲಿ ಬಲಗಿವಿ ‘ಪಾಸ್’, ಎಡಗಿವಿ ‘ರೆಫರ್’ (ಪಾಸಾಗಿಲ್ಲ, ಮುಂದಿನ ಪರೀಕ್ಷೆ ಬೇಕು). ತಟ್ಟೆ ಬಿದ್ದರೆ ಬೆಚ್ಚುತ್ತಾನೆ. ಮನೆಯಲ್ಲಿ ಒಂದು ವರ್ಷ ನೋಡೋಣ ಅಂತಾರೆ. ಏನು ಮಾಡಲಿ?

ಆಡಿಯಾಲಜಿಸ್ಟ್, ಮೈಸೂರು:
ಕಾಯಬೇಡಿ, ಬೆರಾ ಪರೀಕ್ಷೆ (ಸದ್ದಿಗೆ ಕಿವಿಯ ನರ, ಮಿದುಳುಕಾಂಡ ಮಿಡಿಯೋದನ್ನು ಅಲೆಗಳಾಗಿ ತೋರಿಸೋದು) ಮಾಡಿಸಿ, ಎರಡೂ ಕಿವಿಗೆ. ‘ರೆಫರ್’ ಅಂದರೆ ಕಿವುಡು ಅಂತಲ್ಲ, ಮಧ್ಯಕಿವಿಯಲ್ಲಿ ನೀರಿದ್ದರೂ ಹಾಗೆ ಬರುತ್ತೆ. ಆದರೆ ನಿಮ್ಮ ವಿಷಯದಲ್ಲಿ ಪಾಸಾದ ಬಲಗಿವಿಯನ್ನೂ ನಂಬುವ ಹಾಗಿಲ್ಲ. ಓಎಇ ನೋಡೋದು ಕಾಕ್ಲಿಯಾದ (ಒಳಕಿವಿಯ ಶಂಖದಂಥ ಭಾಗದ) ಹೊರ ರೋಮಕೋಶಗಳನ್ನು ಮಾತ್ರ. ಕಾಮಾಲೆ ತರುವ ಬಿಲಿರುಬಿನ್ ರಕ್ತದಲ್ಲಿ ಏರಿದಾಗ ಪೆಟ್ಟು ಬೀಳೋದು ಅಲ್ಲಿಂದಾಚೆಯ ನರದ ದಾರಿಗೆ. ಆಗ ಓಎಇ ಚೆನ್ನಾಗಿಯೇ ಬರುತ್ತೆ, ಬೆರಾದಲ್ಲಿ ಅಲೆಗಳೇ ಇರಲ್ಲ ಅಥವಾ ತೀರಾ ಕೆಟ್ಟಿರುತ್ತವೆ. ಇದನ್ನು ಆಡಿಟರಿ ನ್ಯೂರೋಪತಿ ಅಂತೀವಿ. ಐದು ದಿನಕ್ಕಿಂತ ಹೆಚ್ಚು ಎನ್‌ಐಸಿಯುನಲ್ಲಿದ್ದ ಮಗುವಿಗೆ ಓಎಇ ಒಂದೇ ಸಾಲದು ಅನ್ನೋದು ಇದಕ್ಕೇ.

ತಟ್ಟೆ ಸದ್ದಿಗೆ ಬೆಚ್ಚೋದು ಪುರಾವೆಯಲ್ಲ. 50 ಡೆಸಿಬೆಲ್ ನಷ್ಟವಿರುವ ಮಗುವೂ ಬೆಚ್ಚುತ್ತೆ, ಆದರೆ ಅದಕ್ಕೆ ಅಮ್ಮನ ಮಾಮೂಲಿ ಮಾತು ಸರಿಯಾಗಿ ಮುಟ್ಟಲ್ಲ.

ಬೆರಾ ಕೊಠಡಿಯಲ್ಲಿ ಕೆಲಸ ಮಾಡುವವರು:
ಮಗು ತಾನಾಗಿ ಮಲಗಿದರೆ ಪರೀಕ್ಷೆ ಸಲೀಸು. ಆರು ತಿಂಗಳು ದಾಟಿದರೆ ಬಹಳ ಸಲ ನಿದ್ದೆ ಔಷಧಿ ಕೊಡಬೇಕಾಗುತ್ತೆ, ಅದಕ್ಕೂ ಈಗಲೇ ಬನ್ನಿ. ಆವತ್ತು ತಲೆಗೆ ಎಣ್ಣೆ ಹಚ್ಚಬೇಡಿ. ಎಲೆಕ್ಟ್ರೋಡ್ ಕೂರೋದು ಹಣೆಗೆ ಮತ್ತು ಕಿವಿಯ ಹಿಂದೆ; ಎಣ್ಣೆ ಇದ್ದರೆ ಇಂಪೀಡೆನ್ಸ್ (ವಿದ್ಯುತ್ ತಡೆ) ಏರಿ ಸಿಗ್ನಲ್ ಕೆಡುತ್ತೆ, ಉಜ್ಜಿ ಒರೆಸುವಷ್ಟರಲ್ಲಿ ಮಗು ಎದ್ದಿರುತ್ತೆ. ಬರುವ ದಾರಿಯಲ್ಲಿ ಮಲಗಿಸಬೇಡಿ, ಹಾಲು ಇಲ್ಲಿ ಬಂದ ಮೇಲೆ ಕೊಡಿ.

ರಿಪೋರ್ಟಿನಲ್ಲಿ ಬರೀ ‘ಕ್ಲಿಕ್’ (ಹಲವು ಸ್ವರ ಒಟ್ಟಿಗಿರುವ ಟಕ್ ಸದ್ದಿನ ಫಲಿತಾಂಶ) ಇದ್ದರೆ ಸಾಲದು. 500, 1000, 2000, 4000 ಹರ್ಟ್ಜ್‌ಗೆ ಟೋನ್ ಬರ್ಸ್ಟ್ (ಒಂದೊಂದೇ ಸ್ವರದ ಚುಟುಕು ಸದ್ದು) ಫಲಿತಾಂಶ ಕೇಳಿ, ಇಲ್ಲದಿದ್ದರೆ ಹಿಯರಿಂಗ್ ಏಡ್ ಹೊಂದಿಸುವಾಗ ಊಹೆಯೇ ಗತಿ. ಟಿಂಪನೋಮೆಟ್ರಿ (ಕಿವಿತಮಟೆ, ಮಧ್ಯಕಿವಿ ಹೇಗಿದೆ ಅಂತ ನೋಡುವ ಪರೀಕ್ಷೆ) 1000 ಹರ್ಟ್ಜ್ ಪ್ರೋಬ್‌ನಲ್ಲಿ ಆಗಬೇಕು. ದೊಡ್ಡವರಿಗೆ ಬಳಸುವ 226ರಲ್ಲಿ ಮಾಡಿದರೆ ಕಿವಿಯಲ್ಲಿ ನೀರಿದ್ದರೂ ನಾರ್ಮಲ್ ಅಂತ ಬರಬಹುದು.

ವಿಶೇಷ ಶಿಕ್ಷಕಿ:
ಮನೆಯವರಿಗೆ ಇದನ್ನು ಓದಿ ಹೇಳಿ. ಅಮೆರಿಕದ ಕೊಲರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗಾ-ಇಟಾನೊ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರು ತಿಂಗಳೊಳಗೆ ನಷ್ಟ ಪತ್ತೆಯಾದ ಮಕ್ಕಳ ಭಾಷೆ ಆಮೇಲೆ ಪತ್ತೆಯಾದವರಿಗಿಂತ ಎದ್ದು ಕಾಣುವಷ್ಟು ಮುಂದಿತ್ತು. ನಷ್ಟ ಕಡಿಮೆಯಿರಲಿ, ತೀವ್ರವಿರಲಿ, ಅಂತರ ಹಾಗೇ ಇತ್ತು. ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರರೊಳಗೆ ಖಚಿತ ಪತ್ತೆ, ಆರರೊಳಗೆ ಚಿಕಿತ್ಸೆ ಶುರು ಅನ್ನೋ ನಿಯಮ ಸುಮ್ಮನೆ ಬಂದಿದ್ದಲ್ಲ.

ಒಂದೇ ಕಿವಿ ಅಂತ ಗೊತ್ತಾದರೂ ಕೈಬಿಡಬೇಡಿ. ಅಮೆರಿಕದ ಸಂಶೋಧಕರಾದ ಫ್ರೆಡ್ ಬೆಸ್, ಆನ್ ಮೇರಿ ಥಾರ್ಪ್ 1980ರ ದಶಕದಲ್ಲಿ ನೋಡಿದ ಒಂಟಿಕಿವಿ ನಷ್ಟದ ಮಕ್ಕಳಲ್ಲಿ ಸುಮಾರು ಮೂರರಲ್ಲೊಬ್ಬರು ಶಾಲೆಯಲ್ಲಿ ಒಂದು ತರಗತಿಯಾದರೂ ಫೇಲಾಗಿದ್ದರು. ಗದ್ದಲದ ಕ್ಲಾಸಿನಲ್ಲಿ ಮಾತು ಹೆಕ್ಕೋಕೆ ಎರಡು ಕಿವಿ ಬೇಕು.

ಸ್ಪೀಚ್ ಥೆರಪಿಸ್ಟ್:
ಏಡ್ ಬಂದರೆ ಮೊದಲ ವರ್ಷ ಕಿವಿಯ ಅಳತೆಗೆ ಮಾಡಿಸುವ ಮೋಲ್ಡ್‌ಗೇ ಓಡಾಟ ಜಾಸ್ತಿ. ಕಿವಿ ಬೆಳೆದು ಅದು ಸಡಿಲವಾದ ಕೂಡಲೇ ಕುಯ್ಯ್ ಅನ್ನೋಕೆ ಶುರು. ಆಗ ಹೆಚ್ಚಿನವರು ವಾಲ್ಯೂಮ್ ಇಳಿಸ್ತಾರೆ, ಮಗುವಿಗೆ ಮಾತು ಕೇಳಿಸೋದೂ ಅಲ್ಲಿಗೆ ನಿಂತಿತು. ಹೊಸ ಮೋಲ್ಡ್ ಮಾಡಿಸಿ. ಎರಡು-ಮೂರು ತಿಂಗಳಿಗೊಮ್ಮೆ ಬೇಕಾಗಬಹುದು. ಎಚ್ಚರ ಇರುವಷ್ಟು ಹೊತ್ತೂ ಏಡ್ ಕಿವಿಯಲ್ಲಿರಲಿ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು-ಕರಾವಳಿಯಲ್ಲಿ, ರಾತ್ರಿ ಸಿಲಿಕಾ ಜೆಲ್ ಡಬ್ಬಿಯಲ್ಲಿಡಿ. ಸ್ವಲ್ಪ ದೊಡ್ಡವನಾದ ಮೇಲೆ ದಿನಾ ಬೆಳಿಗ್ಗೆ ಬಾಯಿ ಮರೆಮಾಡಿ ಮ್, ಊ, ಆ, ಈ, ಶ್, ಸ್ ಹೇಳಿ, ತಿರುಗ್ತಾನಾ ನೋಡಿ. ನಿನ್ನೆ ಕೇಳಿದ ‘ಸ್’ ಇವತ್ತು ಕೇಳಿಸದಿದ್ದರೆ ಮೊದಲು ಬ್ಯಾಟರಿ, ಟ್ಯೂಬ್ ನೋಡಿ.

ಮಾತಾಡುವಾಗ ‘ಬಾ’, ‘ತಗೋ’ ಅಂತ ತುಂಡರಿಸಬೇಡಿ, ‘ಚೆಂಡನ್ನ ಅಜ್ಜಿಗೆ ಕೊಡು’ ಅಂತ ಪೂರ್ತಿ ಹೇಳಿ. ನಮ್ಮ ‘ನ್ನ’, ‘ಗೆ’, ‘ಲ್ಲಿ’ ಎಲ್ಲ ಪದದ ಕೊನೆಯಲ್ಲಿ ಮೆತ್ತಗೆ ಬೀಳ್ತವೆ, ಕೇಳಿಸದ ಮಗು ಬಿಡೋದೂ ಅವನ್ನೇ.

ವಿಶೇಷ ಶಿಕ್ಷಕಿ:
ಒಂದು ಸೇರಿಸ್ತೀನಿ. ‘ಸನ್ನೆ ಮಾಡಿದರೆ ಮಾತು ಬರಲ್ಲ’ ಅಂತ ಯಾರಾದರೂ ಹೆದರಿಸಿದರೆ ಕಿವಿಗೊಡಬೇಡಿ. ಸನ್ನೆಭಾಷೆಯಾಡುವ ಕಿವುಡ ತಂದೆತಾಯಿಯ ಕಿವುಡ ಮಕ್ಕಳು, ಬೇರೆಯವರ ಮನಸ್ಸಲ್ಲೇನಿದೆ ಅಂತ ಅರಿಯುವ ಪರೀಕ್ಷೆಗಳಲ್ಲಿ ಕೇಳುವ ಮಕ್ಕಳಿಗೆ ಸಮನಾಗಿದ್ದಾರೆ. ಹಿಂದೆ ಬೀಳೋದು ಚಿಕ್ಕಂದಿನಲ್ಲಿ ಯಾವ ಭಾಷೆಯೂ ಪೂರ್ತಿ ಸಿಗದ ಮಕ್ಕಳು.

ಬೆರಾ ಕೊಠಡಿಯಲ್ಲಿ ಕೆಲಸ ಮಾಡುವವರು:
ಏಡ್ ಕೊಳ್ಳುವಾಗ ಬ್ಯಾಟರಿ ಬಾಗಿಲಿಗೆ ಲಾಕ್ ಇದೆಯಾ ನೋಡಿ. ಮಗು ಬ್ಯಾಟರಿ ನುಂಗಿದ್ದರೆ ವಾಂತಿ ಮಾಡಿಸಬೇಡಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ.