ಎಂ.ಎ. ಇಂಗ್ಲಿಷ್ ಪ್ರಾಜೆಕ್ಟ್: ಪಾಠ ಅರ್ಥವಾಗುತ್ತೆ, ಬರೆಯೋಕೆ ಕೂತರೆ ನಕಲು

ಡೊಂಬಿವಲಿ_ಮೇಷ್ಟ್ರು:
ಮುಂಬಯಿ ಉಪನಗರದ ಕಾಲೇಜು, ಎಂ.ಎ. ಎರಡನೇ ವರ್ಷ. ಹೆಚ್ಚಿನವರು ಕನ್ನಡ, ಮರಾಠಿ ಮಾಧ್ಯಮದಿಂದ ಬಂದವರು. ಕಾದಂಬರಿ ಬಗ್ಗೆ ಬಾಯಲ್ಲಿ ಚೆನ್ನಾಗಿ ಮಾತಾಡ್ತಾರೆ. ಸಾಹಿತ್ಯ ಸಮೀಕ್ಷೆ (ವಿಷಯದ ಬಗ್ಗೆ ಹಿಂದಿನವರು ಬರೆದದ್ದರ ಅವಲೋಕನ) ಬರೆಯಿರಿ ಅಂದರೆ ಲೇಖನದ ಸಾಲನ್ನೇ ಎತ್ತಿ ಎರಡು ಪದ ಬದಲಿಸಿ ಕೊಡ್ತಾರೆ. ನನಗೆ ಸಿಗೋದು ವಾರಕ್ಕೆ ಎರಡು ಗಂಟೆ. ವ್ಯಾಕರಣದಿಂದ ಶುರು ಮಾಡಲೇ?

ಪುಣೆ_ಕನ್ನಡತಿ:
ವ್ಯಾಕರಣ ಆಮೇಲೆ ನೋಡೋಣ ಸರ್. ಮೂಲ ಲೇಖನವನ್ನು ಕಣ್ಣೆದುರು ತೆರೆದಿಟ್ಟುಕೊಂಡೇ ಬರೀತಾರಲ್ಲ, ತೊಂದರೆ ಅಲ್ಲಿದೆ. ಅಷ್ಟು ಅಚ್ಚುಕಟ್ಟಾದ ವಾಕ್ಯ ಎದುರಿಗಿರುವಾಗ ಸ್ವಂತದ್ದು ಹುಟ್ಟೋದು ಕಷ್ಟ.

ಎರಡೇ ಪ್ಯಾರಾ ಕೊಡಿ. ಹತ್ತು ನಿಮಿಷ ಓದಿದ ಮೇಲೆ ಹಾಳೆ ಮಗುಚಿಡಲಿ. ಲೇಖಕರು ಹೇಳಿದ್ದನ್ನು ಪಕ್ಕದವರಿಗೆ ಕನ್ನಡದಲ್ಲೋ ಮರಾಠಿಯಲ್ಲೋ ಹೇಳಲಿ. ಅದಾದ ಮೇಲೆ ಇಂಗ್ಲಿಷಿನಲ್ಲಿ ಮೂರು ವಾಕ್ಯ: ಲೇಖಕರ ವಾದವೇನು, ಅದಕ್ಕೆ ಆಧಾರವೇನು, ನಾನು ಆರಿಸಿದ ಕೃತಿಗೆ ಅದು ಎಲ್ಲಿ ಸಾಲದು. ಆಮೇಲಷ್ಟೇ ಮೂಲ ತೆರೆದು ಪುಟಸಂಖ್ಯೆ ಸೇರಿಸಲಿ. ಸತತ ನಾಲ್ಕೈದು ಪದ ಹಾಗೇ ಬಂದಿದ್ದರೆ ಉದ್ಧರಣ ಚಿಹ್ನೆ ಹಾಕಬೇಕು, ಇಲ್ಲವೇ ತಿದ್ದಬೇಕು.

ಮುಗ್ಗರಿಸೋದು ಮೂರನೇ ವಾಕ್ಯದಲ್ಲಿ. ಅದನ್ನು ಬಿಟ್ಟುಕೊಟ್ಟರೆ ಸಮೀಕ್ಷೆ ಬರೀ ಸಾರಾಂಶಗಳ ಸರಮಾಲೆ.

ಸಾಂತಾಕ್ರೂಜ್_ಓದುಗ:
ಮೇಡಂ ಹೇಳಿದ್ದು ಸರಿ. ಜೊತೆಗೆ, ಎಲ್ಲ ಲೇಖಕರಿಗೂ ‘ಸೇಸ್’ ಒಂದೇ ಕ್ರಿಯಾಪದ ಹಚ್ಚುವ ಚಾಳಿ ಬಿಡಿಸಿ. ‘ಆರ್ಗ್ಯೂಸ್’, ‘ಸಜೆಸ್ಟ್ಸ್’, ‘ಅಸ್ಯೂಮ್ಸ್’ ಕೊಟ್ಟು ಯಾವುದು ಒಪ್ಪುತ್ತೆ ಅಂತ ಆರಿಸೋಕೆ ಹೇಳಿ. ಆರಿಸಬೇಕಾದರೆ ಮತ್ತೆ ಓದಲೇಬೇಕು. ‘ಪ್ರೂವ್ಸ್’ ಅಂತೂ ಸಾಹಿತ್ಯ ವಿಮರ್ಶೆಯಲ್ಲಿ ಬೇಡವೇ ಬೇಡ.

ಪೀಠಿಕೆಗೆ ಭಾಷಾತಜ್ಞ ಜಾನ್ ಸ್ವೇಲ್ಸ್ 1990ರಲ್ಲಿ ವಿವರಿಸಿದ ಮೂರು ನಡೆಗಳು ಸಾಕು: ಕ್ಷೇತ್ರದ ಪರಿಚಯ, ಅಲ್ಲಿರುವ ಕೊರತೆ, ಆ ಕೊರತೆಗೆ ನನ್ನ ಕೆಲಸ. ಪ್ರಕಟಿತ ಲೇಖನವೊಂದರ ಪೀಠಿಕೆಗೆ ಮೂರು ಬಣ್ಣ ಹಚ್ಚಿಸಿ, ಆಮೇಲೆ ಅವರವರ ಕರಡಿಗೆ. ಎರಡನೇ ಬಣ್ಣ ಇರೋದೇ ಇಲ್ಲ, ನೋಡ್ತಿರಿ.

ಇಡೀ ಕರಡಿಗೆ ಕೆಂಪು ಬಳಿಯಬೇಡಿ. ಮೊದಲ ಕರಡಿನಲ್ಲಿ ವಾದ ಮಾತ್ರ, ಮುಂದಿನದರಲ್ಲಿ ಒಂದೇ ಬಗೆಯ ತಪ್ಪು. ‘ದಿ’, ‘ಎ’ ಕೊನೆಗಿರಲಿ. ಕನ್ನಡ, ಮರಾಠಿಯಲ್ಲಿ ಅವಿಲ್ಲದ್ದರಿಂದ ತಪ್ಪುತ್ತಲೇ ಇರುತ್ತವೆ, ಆದರೆ ಅರ್ಥ ಕೆಡೋದು ಕಡಿಮೆ.

ಡೊಂಬಿವಲಿ_ಮೇಷ್ಟ್ರು:
ನಕಲು ಪತ್ತೆ ತಂತ್ರಾಂಶ ತೋರಿಸುವ ಸಾಮ್ಯತೆ ಶೇ. 10ರೊಳಗೆ ಬಂದರೆ ಪಾಸು ಅನ್ನೋದು ಮಕ್ಕಳ ಲೆಕ್ಕ. ಅದಕ್ಕೇನು ಹೇಳಲಿ?

ಪುಣೆ_ಕನ್ನಡತಿ:
ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಶೇ. 10ರವರೆಗೆ ದಂಡನೆ ಇಲ್ಲ, ನಿಜ. 10ರಿಂದ 40ರೊಳಗಾದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿದ ಪ್ರತಿ ಕೊಡಬೇಕು. ಆದರೆ ತಂತ್ರಾಂಶ ಹೋಲಿಸೋದು ಪದಗಳನ್ನು. ಕದ್ದ ವಾದ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಶೇಕಡಾ ಇಳಿಸೋಕೆ ಪದ ಬದಲಿಸುವ ಆ್ಯಪ್‌ಗೆ ಹಾಕಿದರೆ ‘ಸ್ಟ್ರೀಮ್ ಆಫ್ ಕಾನ್ಷಸ್‌ನೆಸ್’ (ಪ್ರಜ್ಞಾಪ್ರವಾಹ) ಅನ್ನೋ ಪಾರಿಭಾಷಿಕ ಪದ ಹೋಗಿ ‘ರಿವರ್ ಆಫ್ ಅವೇರ್‌ನೆಸ್’ ಥರದ್ದು ಬರುತ್ತೆ, ಪರೀಕ್ಷಕರಿಗೆ ಅಲ್ಲೇ ಗೊತ್ತಾಗುತ್ತೆ. ಕರಡಿನ ಜೊತೆ ಹಾಳೆ ಮಗುಚಿ ಬರೆದ ಆ ಮೂರು ವಾಕ್ಯಗಳ ನೋಟ್‌ಬುಕ್ಕನ್ನೂ ಕೇಳಿ ಸರ್, ಅದಕ್ಕೆ ಆಂತರಿಕ ಅಂಕ ಇಟ್ಟುಬಿಡಿ.