ಕನ್ನಡ ಪದಪರೀಕ್ಷಕದ ರೆಪೊ, ಡೊಮೈನ್, ಮೇಲಿಂಗ್ ಲಿಸ್ಟ್: ಎಲ್ಲಿಡೋದು, ಯಾರ ಕೈಲಿಡೋದು?

ಪದಕಣಜ:
ನಮಸ್ಕಾರ. ಕಾಗುಣಿತ ಪರೀಕ್ಷಿಸುವ ತಂತ್ರಾಂಶ ಹನ್‌ಸ್ಪೆಲ್‌ಗೆ ಕನ್ನಡ ಪದಪಟ್ಟಿ ಕಟ್ಟುತ್ತಿರುವ ಎಂಟು ಜನರ ಗುಂಪು ನಮ್ಮದು. ಆರು ಮಂದಿ ಬೆಂಗಳೂರು, ಮೈಸೂರು, ಶಿವಮೊಗ್ಗದಲ್ಲಿದ್ದಾರೆ, ಇಬ್ಬರು ಜರ್ಮನಿಯಲ್ಲಿ. ರೆಪೊ (ಕಡತಗಳೂ ಅವುಗಳ ಬದಲಾವಣೆಯ ಇತಿಹಾಸವೂ ಇರುವ ಗಿಟ್ ಭಂಡಾರ) ಒಬ್ಬರ ಸ್ವಂತ ಗಿಟ್‌ಹಬ್ ಖಾತೆಯಲ್ಲಿದೆ, ಡೊಮೈನ್ ಇನ್ನೊಬ್ಬರ ಹೆಸರಲ್ಲಿದೆ, ಮಾತುಕತೆ ಪೂರ್ತಿ ವಾಟ್ಸಾಪಿನಲ್ಲಿ. ಒಂದು ವಿಪಿಎಸ್ (ಬಾಡಿಗೆ ಸರ್ವರ್) ತಗೊಂಡು ರೆಪೊ ಇಡಲು ಫೋರ್ಜೆಯೊ, ಮೇಲಿಂಗ್ ಲಿಸ್ಟಿಗೆ ಮೇಲ್‌ಮ್ಯಾನ್ 3, ಹರಟೆಗೆ ಮ್ಯಾಟ್ರಿಕ್ಸ್ ಮೂರನ್ನೂ ಅದರಲ್ಲೇ ಹಾಕುವ ಯೋಚನೆ. 2 ಜಿಬಿ ರ‍್ಯಾಮ್ ಸಾಕಾಗುತ್ತಾ? ಸರ್ವರ್ ಕೆಲಸ ಬಲ್ಲವರು ಒಬ್ಬರೇ.

ಬೇರುಬಳ್ಳಿ:
ರ‍್ಯಾಮ್‌ಗಿಂತ ದೊಡ್ಡ ತೊಡಕು ನಿಮ್ಮ ಕೊನೆಯ ಸಾಲಲ್ಲಿದೆ. ಆದರೂ ಲೆಕ್ಕ ಹೇಳುತ್ತೇನೆ. ಫೋರ್ಜೆಯೊ ಹಗುರ, ಕೆಲವು ನೂರು ಎಂಬಿಯಲ್ಲಿ ಮುಗಿಯುತ್ತದೆ. ಮೇಲ್‌ಮ್ಯಾನ್ 3 ಹಾಗಲ್ಲ. ಅದರ ಜೊತೆ ಪೋಸ್ಟೋರಿಯಸ್ (ಲಿಸ್ಟ್ ನಿರ್ವಹಣೆಯ ವೆಬ್ ಪುಟ), ಹೈಪರ್‌ಕಿಟ್ಟಿ (ಹಳೆಯ ಪತ್ರಗಳ ಸಂಗ್ರಹ), ಡೇಟಾಬೇಸ್, ಹುಡುಕು ಸೂಚಿ ಎಲ್ಲ ಓಡಬೇಕು. ಮ್ಯಾಟ್ರಿಕ್ಸಿನ ಸರ್ವರ್ ತಂತ್ರಾಂಶ ಸಿನಾಪ್ಸ್ ಅಂತೂ ಯಾರೋ ಒಬ್ಬರು ಸಾವಿರಾರು ಸದಸ್ಯರ ಕೋಣೆಗೆ ಸೇರಿದ ಕೂಡಲೇ ಉಬ್ಬುತ್ತದೆ. ಮೆಮೊರಿ ಮುಗಿದರೆ ಕರ್ನೆಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಹೆಚ್ಚು ಜಾಗ ಹಿಡಿದ ಪ್ರಾಸೆಸ್ಸನ್ನು ಕೊಲ್ಲುತ್ತದೆ, ಅದು ಡೇಟಾಬೇಸೇ ಆದರೆ ಮೂರೂ ಒಟ್ಟಿಗೆ ಮಲಗುತ್ತವೆ.

ಮೇಲ್ ಸರ್ವರನ್ನು ಮಾತ್ರ ದಯವಿಟ್ಟು ನೀವೇ ನಡೆಸಬೇಡಿ. ಬಹಳಷ್ಟು ವಿಪಿಎಸ್ ಕಂಪನಿಗಳು ಮೇಲ್ ಹೊರಹೋಗುವ 25ನೇ ಪೋರ್ಟನ್ನು ಮುಚ್ಚಿಯೇ ಕೊಡುತ್ತವೆ. ಕೇಳಿ ತೆರೆಸಿಕೊಂಡರೂ ಪಿಟಿಆರ್ ದಾಖಲೆ (ಐಪಿ ವಿಳಾಸದಿಂದ ಹೆಸರು ಹೇಳುವಂಥದ್ದು) ಹೋಸ್ಟ್ ಹೆಸರಿಗೆ ಹೊಂದಬೇಕು, ಎಸ್‌ಪಿಎಫ್ (ಡೊಮೈನಿನ ಪರವಾಗಿ ಯಾವ ಸರ್ವರ್ ಮೇಲ್ ಕಳಿಸಬಹುದೆಂಬ ಪಟ್ಟಿ), ಡಿಕಿಮ್ (ಪತ್ರದ ಮೇಲಿನ ಡಿಜಿಟಲ್ ಸಹಿ) ಸರಿಯಿರಬೇಕು. 2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಇನ್ನೂ ಬಿಗಿಯಾಗಿದೆ.

ಲಿಸ್ಟಿಗೆ ಇನ್ನೊಂದು ಪೇಚು. ವಿಷಯದ ಸಾಲಿಗೆ ಲಿಸ್ಟಿನ ಹೆಸರು, ಕೊನೆಗೆ ಅಡಿಟಿಪ್ಪಣಿ ಸೇರಿಸಿದರೆ ಕಳಿಸಿದವರ ಡಿಕಿಮ್ ಸಹಿ ಮುರಿಯುತ್ತದೆ. ಪತ್ರ ಲಿಸ್ಟಿನ ಸರ್ವರಿನಿಂದ ಹೊರಡುವುದರಿಂದ ಎಸ್‌ಪಿಎಫ್ ಕೂಡ ಅವರ ಡೊಮೈನಿಗೆ ಹೊಂದದು. ಈ ಎರಡೂ ತಪಾಸಣೆ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವುದು ಡಿಮಾರ್ಕ್ ನೀತಿ; ಆ ಡೊಮೈನಿನದು 'ತಿರಸ್ಕರಿಸು' ಎಂದಿದ್ದರೆ ಪತ್ರ ಬೌನ್ಸ್ ಆಗುತ್ತದೆ, ಅಂದರೆ ತಲುಪದೆ ವಾಪಸ್ ಬರುತ್ತದೆ. ತಮಾಷೆಯೆಂದರೆ ಶಿಕ್ಷೆ ಬರೆದವರಿಗಲ್ಲ: ಬೌನ್ಸ್ ಲೆಕ್ಕ ಏರಿ, ಓದುವವರ ಸದಸ್ಯತ್ವವನ್ನೇ ಮೇಲ್‌ಮ್ಯಾನ್ ನಿಲ್ಲಿಸುತ್ತದೆ. 2014ರಲ್ಲಿ ಯಾಹೂ ಈ ನೀತಿ ತಂದಾಗ ಎಷ್ಟೋ ಲಿಸ್ಟುಗಳು ಹೀಗೇ ಮಗುಚಿದವು. ಯಾವ ಲಿಸ್ಟ್ ಆದರೂ 'ಇಂದ' ಸಾಲಿನಲ್ಲಿ ಲಿಸ್ಟಿನ ವಿಳಾಸ ಹಾಕುವ ಡಿಮಾರ್ಕ್ ಆಯ್ಕೆ ಆನ್ ಮಾಡಿ. ಇಲ್ಲವೇ ಪತ್ರದಲ್ಲಿ ಏನನ್ನೂ ಸೇರಿಸದೆ, ಬಂದ ಹಾಗೇ ದಾಟಿಸಿ.

ಎಂಟು ಜನಕ್ಕೆ ಗೂಗಲ್ ಗ್ರೂಪ್ಸ್ ಅಥವಾ ಫ್ರೀಲಿಸ್ಟ್ಸ್ ಸಾಕು. ಸೋರ್ಸ್‌ಹಟ್ ಎಂಬ ಕೋಡ್ ತಾಣದ ಲಿಸ್ಟುಗಳು ಚೆನ್ನಾಗಿವೆ, ಆದರೆ ಸಾದಾ ಪಠ್ಯವಲ್ಲದ ಎಚ್‌ಟಿಎಂಎಲ್ ಪತ್ರ ಒಳಗೆ ಬಿಡುವುದಿಲ್ಲ. ಫೋನಿನ ಜಿಮೇಲ್ ಆಪಿನಿಂದ ಬರೆಯುವವರ ಪತ್ರಗಳು ವಾಪಸ್ ಬರುತ್ತವೆ.

ಗೂಟಕ್ಕೆಕಟ್ಟದವ:
ಮೇಲ್ ವಿಷಯ ಒಪ್ಪಿದೆ. ಆದರೆ ಕೋಡನ್ನೂ ಹೊರಗಿನವರ ಕೈಗೆ ಕೊಟ್ಟು ಕೂತರೆ? ಗೂಗಲ್ ಕೋಡ್ 2016ರ ಜನವರಿಯಲ್ಲಿ ಬಾಗಿಲು ಹಾಕಿತು. ಸ್ವಂತ ಫೋರ್ಜೆಯೊ ಇದ್ದರೆ ಆ ಭಯವಿಲ್ಲ.

ಬೇರುಬಳ್ಳಿ:
ಭಯ ಇದೆ, ದಿಕ್ಕು ಬೇರೆ. ಒಬ್ಬರೇ ನೋಡಿಕೊಳ್ಳುವ ಸರ್ವರಿಗೆ ಅವರು ಊರಿಗೆ ಹೋದ ವಾರವೇ ಭದ್ರತಾ ಅಪ್‌ಡೇಟ್ ಬರುತ್ತದೆ. ಗಿಟ್‌ನಲ್ಲಿರುವುದಕ್ಕೆ ಪ್ರತಿ ಕ್ಲೋನೂ ಒಂದು ನಕಲು, ಕಳೆದುಹೋಗುವುದು ಇಶ್ಯೂಗಳು (ದೋಷ, ಸಲಹೆಗಳ ಪಟ್ಟಿ) ಮತ್ತು ಪುಲ್ ರಿಕ್ವೆಸ್ಟಿನ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಯ) ಚರ್ಚೆ. ಅವನ್ನು ವಾರಕ್ಕೊಮ್ಮೆ ಎಪಿಐ (ಪ್ರೋಗ್ರಾಮುಗಳು ಮಾಹಿತಿ ಪಡೆಯುವ ದಾರಿ) ಮೂಲಕ ಇಳಿಸಿ, ರೆಪೊದ ಮಿರರ್ ಕ್ಲೋನ್ (ಪೂರ್ಣ ನಕಲು) ಜೊತೆಗೆ ಬೇರೆ ಕಡೆ ಇಡಿ. ವಿಕಿ ಬೇರೆಯೇ ಗಿಟ್ ರೆಪೊ, ಅದನ್ನು ಪ್ರತ್ಯೇಕ ಕ್ಲೋನ್ ಮಾಡಬೇಕು.

ಕಂಪನಿ ಬೇಡವೆಂದರೆ ಕೋಡ್‌ಬರ್ಗ್ ಇದೆ: ಬರ್ಲಿನ್‌ನ ಲಾಭರಹಿತ ಸಂಘ, ಫೋರ್ಜೆಯೊ ಮೇಲೆಯೇ ನಡೆಯುತ್ತದೆ, ಅನುವಾದಕ್ಕೆ ವೆಬ್‌ಲೇಟ್ ಕೂಡ ಕೊಡುತ್ತದೆ. ಮುಕ್ತ ಪರವಾನಗಿ ಕಡ್ಡಾಯ, ಹಾಗಾಗಿ ಎಲ್ಲಿಂದಲೋ ತಂದ ಪದಪಟ್ಟಿ ಸೇರಿದ್ದರೆ ಮೊದಲು ಅದರ ಹಕ್ಕು ವಿಚಾರಿಸಿಕೊಳ್ಳಿ.

ಬೀಗದಕೈ:
ಎಲ್ಲಿ ಇಟ್ಟರೂ ಮೊದಲು ಮಾಡಬೇಕಾದ್ದು ಮಾಲೀಕತ್ವ ಬದಲಿಸುವುದು. ಗಿಟ್‌ಹಬ್ಬಿನಲ್ಲೇ ಉಳಿದರೆ ಆರ್ಗನೈಸೇಶನ್ ತೆರೆದು ಇಬ್ಬರನ್ನು, ಸಾಧ್ಯವಾದರೆ ಮೂವರನ್ನು, ಓನರ್ ಮಾಡಿ. ಒಬ್ಬರೇ ಇದ್ದು ಅವರ ಎರಡು ಹಂತದ ಲಾಗಿನ್ ಸಾಧನವೂ ರಿಕವರಿ ಕೋಡೂ ಕಳೆದರೆ ಮುಗಿಯಿತು. ರೆಪೊ ವರ್ಗಾಯಿಸಿದ ಮೇಲೆ ಹಳೆಯ ಕೊಂಡಿ ತಾನೇ ಹೊಸದಕ್ಕೆ ಒಯ್ಯುತ್ತದೆ. ಹಳೆಯ ಖಾತೆಯಲ್ಲಿ ಅದೇ ಹೆಸರಿನ ರೆಪೊ ಮತ್ತೆ ಮಾಡಿದಿರೋ, ಆ ದಾರಿ ಮುಚ್ಚುತ್ತದೆ. ಗಿಟ್‌ಹಬ್ ಪೇಜಸ್ (ರೆಪೊದಿಂದಲೇ ನಡೆಯುವ ವೆಬ್‌ಸೈಟ್) ವಿಳಾಸಕ್ಕಂತೂ ಈ ಸೌಲಭ್ಯವೇ ಇಲ್ಲ.

ಡೊಮೈನಿನ ರಿಜಿಸ್ಟ್ರಾರ್ ಖಾತೆಗೆ ಅದೇ ಡೊಮೈನಿನ ಮೇಲ್ ವಿಳಾಸ ಕೊಡಬೇಡಿ. ಅವಧಿ ಮುಗಿದ ದಿನ ಆ ಮೇಲೂ ಸಾಯುತ್ತದೆ, ನವೀಕರಿಸಿ ಎಂಬ ಪತ್ರ ತಲುಪುವುದೇ ಇಲ್ಲ. ಇಬ್ಬರಿಗೆ ಗೊತ್ತಿರುವ ಹೊರಗಿನ ವಿಳಾಸ ಕೊಡಿ. ವೆಬ್‌ಸೈಟಿನ ಭದ್ರತಾ ಸರ್ಟಿಫಿಕೇಟಿಗೆ ಲೆಟ್ಸ್ ಎನ್‌ಕ್ರಿಪ್ಟ್ ಸೇವೆ ಬಳಸುವುದಾದರೆ ಗಮನಿಸಿ, 2025ರ ಜೂನ್‌ನಿಂದ ಅವರು ಅವಧಿ ಮುಗಿಯುವ ಎಚ್ಚರಿಕೆ ಮೇಲ್ ಕಳಿಸುತ್ತಿಲ್ಲ.

ಪದಕಣಜ:
ಬಹಳ ಉಪಕಾರ. ಸರ್ವರ್ ಕೈಬಿಟ್ಟೆವು. ದಿನದ ಹರಟೆಗೆ ಐಆರ್‌ಸಿ (ಹಳೆಯ ಪಠ್ಯ ಚಾಟ್ ವ್ಯವಸ್ಥೆ) ಸಾಕಲ್ವಾ? ಲಿಬೆರಾ ಎಂಬ ಐಆರ್‌ಸಿ ಜಾಲದಲ್ಲಿ ಚಾನೆಲ್ ತೆರೆದರೆ ಖರ್ಚಿಲ್ಲ.

ಒತ್ತಕ್ಷರ:
ಕನ್ನಡದಲ್ಲಿ ಬರೆಯುವವರಿಗೆ ಐಆರ್‌ಸಿ ಇಕ್ಕಟ್ಟು. ಒಂದು ಸಂದೇಶಕ್ಕೆ ತಲೆಬರಹ ಸೇರಿ 512 ಬೈಟ್ ಮಿತಿ. ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೆ (ಒಂದೊಂದು ಅಕ್ಷರ ಅಥವಾ ಚಿಹ್ನೆಗೆ) 3 ಬೈಟ್, 'ಸ್ತ್ರೀ' ಒಂದಕ್ಕೇ 18. ಎರಡು ವಾಕ್ಯ ಬರೆದರೆ ಸಾಲು ನಡುವೆ ತುಂಡಾಗುತ್ತದೆ, ಕೆಲವು ಕ್ಲೈಂಟುಗಳಲ್ಲಿ ಅಕ್ಷರದ ಮಧ್ಯದಲ್ಲೇ. ಈಗಿರುವ ಯಾವುದಾದರೂ ಮ್ಯಾಟ್ರಿಕ್ಸ್ ಸರ್ವರಿನಲ್ಲಿ ಒಂದು ಕೋಣೆ ತೆರೆಯಿರಿ. ಸಾರ್ವಜನಿಕ ಕೋಣೆಗೆ ಎನ್‌ಕ್ರಿಪ್ಷನ್ ಹಾಕಬೇಡಿ, ಒಮ್ಮೆ ಹಾಕಿದರೆ ತೆಗೆಯಲಾಗದು, ಹೊಸಬರಿಗೆ ಹಳೆಯ ಮಾತು ಓದಲೂ ತೊಂದರೆ. ಅಧಿಕಾರ ಮಟ್ಟ 100 (ಕೋಣೆಯ ನಿರ್ವಾಹಕರ ಮಟ್ಟ) ಇಬ್ಬರಿಗೆ ಕೊಡಿ, ಆದರೆ ಯೋಚಿಸಿ: 100 ಇದ್ದವರನ್ನು ಇನ್ನೊಬ್ಬ 100 ಇಳಿಸಲಾಗದು. ತೀರ್ಮಾನಗಳು ಮಾತ್ರ ಲಿಸ್ಟಿಗೆ ಬರಲಿ.

ಕೇಳದಿದ್ದರೂ ಇನ್ನೆರಡು ಮಾತು, ಎಂಟು ಕೈ ಒಂದೇ ರೆಪೊಗೆ ಬಿದ್ದಾಗ ಇವೇ ಕಾಡುವುದು. ಪದಪಟ್ಟಿ ಇರುವ ಹನ್‌ಸ್ಪೆಲ್ ಡಿಕ್ ಕಡತದ ಮೊದಲ ಸಾಲು ಪದಗಳ ಸಂಖ್ಯೆ. ಪದ ಸೇರಿಸಿದವರೆಲ್ಲ ಆ ಸಾಲು ಮುಟ್ಟುತ್ತಾರೆ, ಪ್ರತಿ ಪುಲ್ ರಿಕ್ವೆಸ್ಟಿನಲ್ಲೂ ಬದಲಾವಣೆಗಳನ್ನು ಕೂಡಿಸುವಾಗ ಮರ್ಜ್ ಜಗಳ. ಅಕ್ಷರಕ್ಕೊಂದರಂತೆ ಸಾದಾ ಪಠ್ಯ ಕಡತ ಇಡಿ, ಸಾಲಿಗೊಂದು ಪದ, ಬೈಟ್ ಕ್ರಮದ ವಿಂಗಡಣೆ. ಡಿಕ್ ಕಡತವನ್ನು ಸಿಐ (ಪ್ರತಿ ಬದಲಾವಣೆಗೂ ತಾನೇ ಓಡುವ ತಪಾಸಣೆ, ಕಟ್ಟಣೆಯ ವ್ಯವಸ್ಥೆ) ಹುಟ್ಟಿಸಲಿ, ರೆಪೊದಲ್ಲಿ ಬೇಡ.

ಎರಡನೆಯದು ಯೂನಿಕೋಡ್. ಕಣ್ಣಿಗೆ ಒಂದೇ ಆದ 'ಕೊ' ಎರಡು ಬಗೆಯಲ್ಲಿ ಬರುತ್ತದೆ: ಕ ಜೊತೆ ಒಂದೇ ಚಿಹ್ನೆಯಾಗಿ, ಅಥವಾ ಎತ್ವ ಮತ್ತು ಊ-ಕಾರ ಎರಡು ಚಿಹ್ನೆಗಳಾಗಿ. ಹನ್‌ಸ್ಪೆಲ್ ಇವನ್ನು ತಾನಾಗಿ ಒಂದು ಮಾಡುವುದಿಲ್ಲ, ಪಟ್ಟಿಯಲ್ಲಿ ಪದ ಇದ್ದರೂ ಕೆಂಪು ಗೆರೆ. ಎನ್‌ಎಫ್‌ಸಿ (ಚಿಹ್ನೆಗಳನ್ನು ಕೂಡಿಸಿದ ಏಕರೂಪ) ಅಲ್ಲದ ಸಾಲು ಬಂದರೆ ಸಿಐ ತಿರಸ್ಕರಿಸಲಿ, ಓದುಗರು ಟೈಪಿಸುವುದನ್ನು ಸರಿಮಾಡಲು ಹನ್‌ಸ್ಪೆಲ್ ನಿಯಮಗಳಿರುವ ಅಫ್ ಕಡತದಲ್ಲಿ ಐಕಾನ್ವ್ ಸಾಲುಗಳನ್ನು (ಒಂದು ರೂಪವನ್ನು ಇನ್ನೊಂದಕ್ಕೆ ಬದಲಿಸುವ ನಿಯಮ) ಸೇರಿಸಿ. ಕಡತದ ಹೆಸರು ಕನ್ನಡದಲ್ಲಿದ್ದರೆ ಗಿಟ್ ಅದನ್ನು ಬರೀ ಅಂಕಿಗಳಾಗಿ ತೋರಿಸುತ್ತದೆ. ಕೋರ್ ಕೋಟ್‌ಪಾತ್ ಸೆಟ್ಟಿಂಗ್ ಆಫ್ ಮಾಡಿದರೆ ಅಕ್ಷರ ಕಾಣುತ್ತದೆ. ಅದನ್ನು ಎಂಟೂ ಜನ ತಂತಮ್ಮ ಯಂತ್ರದಲ್ಲಿ ಮಾಡಬೇಕು, ರೆಪೊ ಮೂಲಕ ಹಂಚಲಾಗದು.