ದೊಡ್ಡಪ್ಪಗ ಶಿಶ್ನದ ಕ್ಯಾನ್ಸರ್: ಪೂರ್ತಿ ತೆಗೀಲೇಬೇಕೇನ್ರಿ?

ಪ್ರಶ್ನೆ, ಸಿಂಧನೂರು ತಾಲೂಕಿನಿಂದ:
ನಮ್ಮ ದೊಡ್ಡಪ್ಪಗ 58 ವರ್ಷ. ಮುಂದೊಗಲು ಹಿಂದಕ್ಕ ಸರಿಯಂಗಿಲ್ಲ, ಅದರೊಳಗ ಆರು ತಿಂಗಳಿಂದ ಹುಣ್ಣು. ಬಯಾಪ್ಸಿಯೊಳಗ ‘ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಗ್ರೇಡ್ 2’ ಅಂತ ಬಂದೈತಿ. ಬಲಗಡೆ ತೊಡೆಸಂದಿಯೊಳಗ ಒಂದು ಗಂಟು ಕೈಗೆ ಸಿಗ್ತೈತಿ. ಪೂರ್ತಿ ತೆಗೀಬೇಕು ಅಂತ ಒಬ್ಬರು, ಕರೆಂಟ್ (ರೇಡಿಯೇಷನ್) ಕೊಟ್ಟರ ಸಾಕು ಅಂತ ಇನ್ನೊಬ್ಬರು. ತಿಳಿದವರು ಹೇಳ್ರಿ.

ಶಸ್ತ್ರಚಿಕಿತ್ಸೆ ವಿಭಾಗದವರು, ರಾಯಚೂರು:
ಗ್ರೇಡ್ (ಜೀವಕೋಶಗಳು ಎಷ್ಟು ಕೆಟ್ಟಿವೆ ಎಂಬ ಅಂಕ) ಒಂದನ್ನೇ ಹಿಡಿದು ಯಾರೂ ತೀರ್ಮಾನ ಹೇಳಬಾರದು. ರಿಪೋರ್ಟಿನಲ್ಲಿ ಇನ್ನೂ ಮೂರು ಸಂಗತಿ ಹುಡುಕಿ: ಎಷ್ಟು ಆಳಕ್ಕೆ ಇಳಿದಿದೆ, ರಕ್ತನಾಳ ಅಥವಾ ದುಗ್ಧನಾಳದೊಳಗೆ (ಲಿಂಫ್ ನಾಳ) ಹೊಕ್ಕಿದೆಯೇ, ನರದ ಸುತ್ತ ಹಬ್ಬಿದೆಯೇ. ಮೇಲಿಂದ ಕೆರೆದು ತೆಗೆದ ಚೂರಾದರೆ ಆಳ ಗೊತ್ತೇ ಆಗುವುದಿಲ್ಲ. ಮುಂದೊಗಲು ಬಿಗಿಯಿದ್ದಾಗ ಗಡ್ಡೆಯ ಅಳತೆಯೂ ಹೊರಗಿಂದ ಸಿಗದು. ತೊಗಲನ್ನು ಮೇಲ್ಭಾಗದಲ್ಲಿ ಸೀಳಿ ನೋಡಬೇಕು, ಆಮೇಲೂ ಸಂಶಯವಿದ್ದರೆ ಎಂಆರ್‌ಐ.

ಮೇಲ್ಪದರದಲ್ಲಷ್ಟೇ ಇದ್ದರೆ 5-ಫ್ಲೂರೋಯುರಾಸಿಲ್ ಅಥವಾ ಇಮಿಕ್ವಿಮಾಡ್ ಮುಲಾಮು, ಇಲ್ಲವೇ ಲೇಸರ್. ಮುಲಾಮು ಮುಗಿದ ಮೇಲೆ ಮತ್ತೆ ಬಯಾಪ್ಸಿ ಬೇಕು. ಒಮ್ಮೆ ಸೋತ ಮುಲಾಮನ್ನೇ ಮತ್ತೆ ಹಚ್ಚುತ್ತ ಕೂರಬಾರದು. ಮುಂದೊಗಲಿಗೆ ಸೀಮಿತವಾಗಿದ್ದರೆ ಸುನ್ನತಿಯಂತೆ ತೊಗಲು ತೆಗೆದರೆ ಸಾಕಾಗುತ್ತದೆ. ತುದಿಯ ಗುಬುಟಿಗೆ ಹಿಡಿದಿದ್ದರೆ ಅಷ್ಟು ಭಾಗ ತೆಗೆದು, ತೊಡೆಯ ಚರ್ಮ ತಂದು ಹೊಲಿಯುತ್ತಾರೆ. ಒಳಗಿನ ನಿಮಿರುವ ಅಂಗಾಂಶಕ್ಕೆ ಇಳಿದಿದ್ದರೆ ಭಾಗಶಃ ಛೇದನ. ಬುಡಕ್ಕೇ ತಲುಪಿದ್ದರೆ ಮಾತ್ರ ಪೂರ್ತಿ ತೆಗೆದು, ವೃಷಣದ ಹಿಂದೆ ಮೂತ್ರಕ್ಕೆ ಬೇರೆ ದಾರಿ ಮಾಡುತ್ತಾರೆ. ಆಗ ಕೂತೇ ಮೂತ್ರ ಮಾಡಬೇಕು.

ಗಡ್ಡೆಯಿಂದ ಎರಡು ಸೆಂಟಿಮೀಟರ್ ಆಚೆಗೆ ಕತ್ತರಿಸಬೇಕೆಂಬ ಹಳೆಯ ನಿಯಮ ಈಗಿಲ್ಲ. ಕತ್ತರಿಸಿದ ಅಂಚಿನಲ್ಲಿ ರೋಗ ಕಾಣದಿದ್ದರೆ ಕೆಲವು ಮಿಲಿಮೀಟರ್ ಸಾಕು. ಉಳಿಸಿಕೊಂಡ ಅಂಗದಲ್ಲಿ ರೋಗ ಮರುಕಳಿಸುವ ಸಂಭವ ಪೂರ್ತಿ ಕತ್ತರಿಸಿದವರಿಗಿಂತ ಹೆಚ್ಚು, ನಿಜ. ಆದರೆ ಬೇಗ ಕಂಡರೆ ಮತ್ತೆ ತೆಗೆಯಬಹುದು, ಹೆಚ್ಚಿನವರಲ್ಲಿ ಆಯುಷ್ಯಕ್ಕೆ ಅದರಿಂದ ಕುತ್ತಿಲ್ಲ. ತಪಾಸಣೆಗೆ ತಪ್ಪದೆ ಬರುವವರಿಗೆ ಮಾತ್ರ ಈ ಮಾತು.

ಕರೆಂಟ್ ಚಿಕಿತ್ಸೆ ಬಲ್ಲವರು, ಬಳ್ಳಾರಿ:
ಕರೆಂಟ್‌ನಿಂದಲೂ ಅಂಗ ಉಳಿಸಬಹುದು, ಗಡ್ಡೆ ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ. ಸೂಜಿಗಳನ್ನು ಗಡ್ಡೆಯೊಳಗೇ ಇಟ್ಟು ಕೊಡುವ ಬ್ರಾಕಿಥೆರಪಿಯಾದರೆ ಕೆಲವೇ ದಿನ, ಹೊರಗಿನಿಂದ ಕೊಟ್ಟರೆ ವಾರಕ್ಕೆ ಐದು ದಿನದಂತೆ ಆರೇಳು ವಾರ. ಮೊದಲು ಮುಂದೊಗಲು ತೆಗೆಸಲೇಬೇಕು. ಬಿಟ್ಟರೆ ಚರ್ಮ ಊದಿ ಅಂಟಿಕೊಳ್ಳುತ್ತದೆ, ಒಳಗೇನಾಗುತ್ತಿದೆ ಅಂತ ಕಾಣುವುದೂ ಇಲ್ಲ. ಮುಗಿದು ತಿಂಗಳುಗಳಾದ ಮೇಲೆ ಮೂತ್ರದ ಬಾಯಿ ಕಿರಿದಾಗಿ ಧಾರೆ ಸಣ್ಣಗಾಗಬಹುದು, ಅದನ್ನು ಹಿಗ್ಗಿಸಬೇಕಾಗುತ್ತದೆ. ಆದರೆ ದೊಡ್ಡಪ್ಪಗೆ ಗಂಟು ಇದೆಯಲ್ಲ, ಗುಬುಟಿಗೆ ಕರೆಂಟ್ ಕೊಟ್ಟರೆ ಆ ಗಂಟಿನ ಲೆಕ್ಕ ಮುಗಿಯುವುದಿಲ್ಲ.

ಶಸ್ತ್ರಚಿಕಿತ್ಸೆ ವಿಭಾಗದವರು, ರಾಯಚೂರು:
ಹೌದು, ಜೀವ ನಿಂತಿರುವುದು ಆ ಗಂಟಿನ ಮೇಲೆ; ಈ ರೋಗ ಮೊದಲು ಹಬ್ಬುವುದು ತೊಡೆಸಂದಿಯ ದುಗ್ಧಗ್ರಂಥಿಗಳಿಗೆ. ‘ನಂಜಿನಿಂದ ಬಂದಿರಬಹುದು, ಆರು ವಾರ ಆ್ಯಂಟಿಬಯೋಟಿಕ್ ಕೊಟ್ಟು ನೋಡೋಣ’ ಎನ್ನುವ ಕಾಲ ಹೋಯಿತು. ಈ ವಾರವೇ ಸೂಜಿ ಪರೀಕ್ಷೆ ಮಾಡಿಸಿ, ಹೊಟ್ಟೆ ಮತ್ತು ಸೊಂಟದ ಸಿಟಿ ಸ್ಕ್ಯಾನ್ ತೆಗೆಸಿ. ಸೂಜಿಯಲ್ಲಿ ಏನೂ ಸಿಗದಿದ್ದರೂ ಗಂಟು ಹಾಗೇ ಇದ್ದರೆ ಮತ್ತೆ ಚುಚ್ಚಬೇಕು, ಇಲ್ಲವೇ ಗಂಟನ್ನೇ ತೆಗೆದು ನೋಡಬೇಕು. ಎಡಗಡೆ ಕೈಗೆ ಏನೂ ಸಿಗದಿದ್ದರೂ ಬಿಡುವಂತಿಲ್ಲ, ದುಗ್ಧನಾಳಗಳು ಎರಡೂ ಕಡೆ ಹರಿಯುತ್ತವೆ.

ಸೂಜಿಯಲ್ಲಿ ರೋಗ ಸಿಕ್ಕು, ಗಂಟು ಒಂದೇ ಇದ್ದು ಅಲುಗಾಡುತ್ತಿದ್ದರೆ ತೊಡೆಸಂದಿಯ ಗ್ರಂಥಿಗಳನ್ನು ತೆಗೆಯುವ ಆಪರೇಶನ್. ಎರಡು ಅಥವಾ ಹೆಚ್ಚು ಗ್ರಂಥಿಯಲ್ಲಿ ರೋಗ ಸಿಕ್ಕರೆ, ಅಥವಾ ಗ್ರಂಥಿಯ ಕವಚ ಒಡೆದು ಹೊರಬಂದಿದ್ದರೆ, ಸೊಂಟದೊಳಗಿನವನ್ನೂ ತೆಗೆಯುತ್ತಾರೆ. ಗಂಟು ದೊಡ್ಡದಾಗಿ ಅಂಟಿಕೊಂಡಿದ್ದರೆ ಮೊದಲು ಕಿಮೋ: ಪ್ಯಾಕ್ಲಿಟ್ಯಾಕ್ಸೆಲ್, ಐಫಾಸ್ಫಮೈಡ್, ಸಿಸ್ಪ್ಲಾಟಿನ್ ಸೇರಿಸಿ 21 ದಿನಕ್ಕೊಮ್ಮೆ ನಾಲ್ಕು ಸುತ್ತು, ಆಮೇಲೆ ಆಪರೇಶನ್. ಸಿಸ್ಪ್ಲಾಟಿನ್ ಕಿಡ್ನಿಗೆ ಭಾರ, ಪ್ರತಿ ಸುತ್ತಿಗೂ ಮೊದಲು ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಬೇಕು.

ಪ್ರಶ್ನೆ ಕೇಳಿದವರು:
ಭಾಗ ಅಷ್ಟೇ ತೆಗೆದರ ನಿಂತು ಮೂತ್ರ ಮಾಡಾಕ ಆಗ್ತೈತೇನ್ರಿ? ಅವರಿಗೆ ಅದೊಂದೇ ಚಿಂತಿ.

ಶಸ್ತ್ರಚಿಕಿತ್ಸೆ ವಿಭಾಗದವರು, ರಾಯಚೂರು:
ಎರಡು-ಮೂರು ಸೆಂಟಿಮೀಟರ್ ಮೋಟು ಉಳಿದರೆ ಆಗುತ್ತದೆ. ಆಪರೇಶನ್‌ಗೆ ಮುಂಚೆ ‘ಎಷ್ಟು ಉಳಿಯುತ್ತದೆ’ ಅಂತ ಅವರೇ ಬಾಯಿಬಿಟ್ಟು ಕೇಳಲಿ. ಸಂಕೋಚದಿಂದ ಗಂಡಸರು ಈ ಪ್ರಶ್ನೆ ಕೇಳದೆ ಸಹಿ ಹಾಕಿಬಿಡುತ್ತಾರೆ.

ನರ್ಸಿಂಗ್ ಕೆಲಸದವರು, ಕೊಪ್ಪಳ:
ತೊಡೆಸಂದಿ ಆಪರೇಶನ್ ಆದ ಮ್ಯಾಲಿನ ಕಷ್ಟ ಯಾರೂ ಮೊದಲು ಹೇಳಂಗಿಲ್ಲ. ಗಾಯದ ಅಂಚು ಕಪ್ಪಾಗೋದು, ನೀರು ತುಂಬೋದು, ಕೀವು, ಕಾಲು ಬಾವು ಇವೆಲ್ಲಾ ಸಾಮಾನ್ಯ. ಗಾಯದೊಳಗಿನ ನೀರು ಹೊರಗ ತರೋ ಡ್ರೈನ್ ಪೈಪಿನ ನೀರು ದಿನಾ ಎಷ್ಟು ಎಂಎಲ್ ಅಂತ ಒಂದು ನೋಟ್‌ಬುಕ್ಕಿನ್ಯಾಗ ಬರೀರಿ. ಸಾಮಾನ್ಯವಾಗಿ ದಿನಕ್ಕ 30-50 ಎಂಎಲ್‌ಗಿಂತ ಕಮ್ಮಿ ಆದ ಮ್ಯಾಲೆ ತೆಗೀತಾರ. ಬೇಸರಾತು ಅಂತ ಮೊದಲೇ ತೆಗೆಸಬ್ಯಾಡ್ರಿ, ಒಳಗ ನೀರು ನಿಂತು ಗಾಯ ಬಿಚ್ಚತೈತಿ. ಬಿಗಿ ಕಾಲುಚೀಲ ಮುಂಜಾನೆ ಹಾಸಿಗಿ ಬಿಡೂದರಾಗ ಹಾಕಬೇಕು, ಎದ್ದು ಅಡ್ಡಾಡಿದ ಮ್ಯಾಲೆ ಹಾಕಿದ್ರ ಅಷ್ಟೊತ್ತಿಗೆ ಕಾಲಿಗೆ ಬಾವು ಬಂದುಬಿಟ್ಟಿರತೈತಿ. ನಮ್ಮ ಬ್ಯಾಸಗಿಯೊಳಗ ಅದನ್ನ ಕಿತ್ತೊಗೆಯೋರೇ ಹೆಚ್ಚು. ನೆಲ್ಲಿನ ಗದ್ದಿ ಕೆಸರಿಗೆ ಬರಿಗಾಲಿಲೆ ಇಳಿಬಾರದು. ಬಾವಿನ ಕಾಲಿಗೆ ಒಂದು ಬಿರುಕು ಸಾಕು, ನಂಜು ಏರಾಕ.

ಕಾಗದಪತ್ರದ ಕೆಲಸ ಬಲ್ಲವರು, ಬಳ್ಳಾರಿ:
ಬಯಾಪ್ಸಿ ಮಾಡಿದ ಲ್ಯಾಬಿನಿಂದ ರಿಪೋರ್ಟ್ ಮಾತ್ರವಲ್ಲ, ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕ್ (ಬಯಾಪ್ಸಿ ಚೂರು ಹುದುಗಿಸಿಟ್ಟದ್ದು) ಎರಡನ್ನೂ ಕೇಳಿ ಪಡೆಯಿರಿ. ಇಲ್ಲದಿದ್ದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಾಗಲಿ ಕಲಬುರಗಿಯ ಅದರ ಘಟಕದಲ್ಲಾಗಲಿ ಮತ್ತೆ ಬಯಾಪ್ಸಿ ಮಾಡಬೇಕಾಗಿ ಬರಬಹುದು. ಬ್ಲಾಕನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಸಿಗುತ್ತದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಯವರಿಗೆ 75 ಶೇಕಡಾ. ಆಸ್ಪತ್ರೆ ತುಂಬಿಕೊಡುವ ನಮೂನೆ ಬೇಕು. ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ, ಹಾಗಾಗಿ ಈ ನಮೂನೆಯನ್ನು ಪ್ರತಿಸಲ ವಾರ್ಡ್ ಬಿಡುವ ಮುಂಚೆಯೇ ಕೇಳಿಕೊಳ್ಳಿ.